ಬಳೆಗಾರ್ತಿ ಅಕ್ಬರಿ ಜಾಮೀನು ಹುಡುಕಿದ್ದು

ಮೊಹಿನುದ್ದೀನ್ ಹೊಡೆದದ್ದು ಒಂದೇ ಏಟು. ಎರಡನೆಯದಕ್ಕೆ ಅವನಲ್ಲಿ ಉಸಿರಿರಲಿಲ್ಲ. ಹರೆಯದಿಂದಲೂ ಅವನಿಗೆ ದಮ್ಮಿನ ರೋಗ.

ನಡೆದದ್ದು ಮಂಠಾಳದ ಸಂತೆಯಲ್ಲಿ, ೧೯೪೯ರ ದೀಪಾವಳಿ ಕಳೆದ ಮೇಲೆ. ಮಹಾರುದ್ರಪ್ಪನೆಂಬ ರೈತ ತನ್ನ ಎತ್ತಿನ ಗಾಡಿಯನ್ನು ಹಿಂದಕ್ಕೆ ಸರಿಸುವಾಗ, ಮೊಹಿನುದ್ದೀನ್ ಚಾದರದ ಮೇಲೆ ಹರಡಿದ್ದ ಬಳೆಗಳ ಮೇಲೆ ಗಾಲಿ ಹಾಯಿತು. ಹಾಯ್ದದ್ದು ಬೇಕೆಂದೇ ಇರಲಿಕ್ಕಿಲ್ಲ. ಆದರೆ ಆಮೇಲೆ ಮಹಾರುದ್ರಪ್ಪ ಗಾಡಿಯ ಮೇಲೆ ಕುಳಿತೇ ಒಂದು ಮಾತು ಅಂದ. ಆ ಮಾತು ಏನೆಂದು ನಾಲ್ವರು ಸಾಕ್ಷಿಗಳು ನಾಲ್ಕು ಬಗೆಯಾಗಿ ಹೇಳಿದರು; ಮೊಹಿನುದ್ದೀನ್ ಕೊನೆಯವರೆಗೂ ಹೇಳಲೇ ಇಲ್ಲ. ಬಳೆಯ ಗಂಟನ್ನು ಹೆಗಲಿಗೆ ಹೊರುವ ಬಡಿಗೆಯನ್ನೆತ್ತಿ ಒಂದು ಬಿಟ್ಟ. ಮಹಾರುದ್ರಪ್ಪನ ಬಲಹೆಗಲಿನ ಎಲುಬು ಮುರಿಯಿತು. ಗಾಡಿಯಿಂದ ಬಿದ್ದ ರಭಸಕ್ಕೆ ಎರಡು ಹಲ್ಲೂ ಹೋದವು. ಹೊಡೆದವನು ಅಲ್ಲೇ ಕುಸಿದು ಕುಳಿತು, ಎದೆ ಹಿಡಿದುಕೊಂಡು, ಸಿಳ್ಳೆ ಹಾಕಿದಂತೆ ಉಸಿರೆಳೆಯತೊಡಗಿದ. ಪೊಲೀಸರು ಬರುವವರೆಗೂ, ಇಬ್ಬರಲ್ಲಿ ಯಾರಿಗೆ ಮೊದಲು ನೀರು ಕೊಡಬೇಕೆಂದು ಜನರಿಗೆ ತಿಳಿಯಲಿಲ್ಲ.

ಪೊಲೀಸರು ಅದನ್ನು ಕೊಲೆಯ ಪ್ರಯತ್ನವೆಂದು ಬರೆದುಕೊಂಡರು. ಕಾಲ ಅಂಥದು. ಹಿಂದಿನ ವರ್ಷ ಗೋರ್ಟಾದಲ್ಲಿ ನಿಜಾಮನ ಕಡೆಯ ರಜಾಕಾರರು ಏನು ಮಾಡಿದರೆಂದು ಎಲ್ಲರಿಗೂ ಗೊತ್ತಿತ್ತು. ಭಾರತದ ಸೈನ್ಯ ಬಂದ ಮೇಲೆ ಎಷ್ಟೋ ಗಲ್ಲಿಗಳಲ್ಲಿ ಯಾರಿಗೆ ಏನಾಯಿತೆಂಬುದೂ ಎಲ್ಲರಿಗೂ ಗೊತ್ತಿತ್ತು. ಎರಡರ ಬಗ್ಗೆಯೂ ಜನ ಮಾತಾಡುತ್ತಿರಲಿಲ್ಲ. ಮಾತಾಡದೆಯೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಮುಸಲ್ಮಾನನೊಬ್ಬ ಲಿಂಗಾಯತನೊಬ್ಬನಿಗೆ ಸಂತೆಯ ನಡುವೆ ಬಡಿಗೆಯಿಂದ ಹೊಡೆದಿದ್ದ. ಬಳೆ ಒಡೆದದ್ದಕ್ಕೆ ಹೊಡೆದನೆಂದರೆ ಯಾರೂ ನಂಬುವ ಹಾಗಿರಲಿಲ್ಲ.

ಬಸವಕಲ್ಯಾಣವನ್ನು ಆಗಿನ್ನೂ ಕಲ್ಯಾಣಿ ಎನ್ನುತ್ತಿದ್ದರು. ನವಾಬರ ಜಹಗೀರು ಆಗತಾನೇ ಹೋಗಿ, ಅವರ ಕಚೇರಿಗೆ ಬೀಗ ಬಿದ್ದಿತ್ತು; ಹೊಸದು ಇನ್ನೂ ತೆರೆದಿರಲಿಲ್ಲ. ಹಾಗಾಗಿ ಮೊಕದ್ದಮೆ ಹುಮನಾಬಾದಿಗೆ ಹೋಯಿತು, ಮೊಹಿನುದ್ದೀನನೂ ಅಲ್ಲಿಯ ಜೇಲಿಗೆ ಹೋದ.

ಅವನ ಹೆಂಡತಿ ಅಕ್ಬರಿಗೆ ಆಗ ನಲವತ್ತರ ಆಸುಪಾಸು. ಗಂಡ ಸಂತೆಗಳಲ್ಲಿ ಮಾರಿದರೆ ಇವಳು ಕಲ್ಯಾಣಿಯ ಗಲ್ಲಿಗಳಲ್ಲಿ ಮನೆ ಮನೆಗೆ ಹೋಗಿ ಬಳೆ ಇಡುತ್ತಿದ್ದಳು. ಗಂಡನ ಮೇಲೆ ಅವಳಿಗೆ ವಿಶೇಷ ಪ್ರೀತಿ ಇತ್ತೆಂದು ಯಾರೂ ಹೇಳುತ್ತಿರಲಿಲ್ಲ, ಅವಳೂ ಹೇಳಿಕೊಂಡವಳಲ್ಲ. ಒಬ್ಬಳೇ ಮಗಳನ್ನು ಹುಲಸೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ, ಅವರ ಮಾತುಕತೆಯೂ ಅಷ್ಟಕ್ಕಷ್ಟೆ. ಆದರೆ ಹುಮನಾಬಾದಿಗೆ ಹೋಗಿ ಅವನನ್ನು ನೋಡಿದ ದಿನ ಅಕ್ಬರಿ ಒಂದನ್ನು ನಿರ್ಧರಿಸಿಕೊಂಡಳು.

ಅವನು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಕಲ್ಲಿನ ಗೋಡೆ, ಕಲ್ಲಿನ ನೆಲ, ಚಳಿಗಾಲದ ಆರಂಭ. ತುಟಿ ನೀಲಿಗಟ್ಟಿತ್ತು.

"ಮಲಗೀದಿ ಏನು?" ಎಂದು ಅವಳು ಕೇಳಿದಳು.

"ಬಂದಾಗಿಂದ ಕುಂತೇ ಇದ್ದೀನಿ. ಮಲಗಿದ್ರ ಮುಗಿಯಿತು."

"ಹೊಡಿಯಾಕ ಯಾಕ ಹೋದಿ?"

ಅವನು ಉತ್ತರ ಹೇಳಲು ಬಾಯಿ ತೆರೆದ; ಉಸಿರು ಸಾಲಲಿಲ್ಲ; ಬಾಯಿ ಮುಚ್ಚಿಕೊಂಡ. ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆಂದು ಜೇಲಿನವರು ಹೇಳಿದರು. ತೀರ್ಪು ಕೇಳಲು ಈತ ಉಳಿಯುವುದಿಲ್ಲವೆಂದು ಅಕ್ಬರಿಗೆ ಕಣ್ಣಿಗೆ ಕಂಡಂತೆ ಗೊತ್ತಾಯಿತು. ಸಾಯುವುದು ದೇವರ ಕೈಯಲ್ಲಿತ್ತು. ಈ ಕಲ್ಲಿನ ಮೇಲೆ ಸಾಯಬಾರದು, ಅಷ್ಟೆ. ಅದೊಂದೇ ಅವಳು ಬೇಡಿದ್ದು.

ವಕೀಲ ದಿಗಂಬರರಾಯರು ಜಾಮೀನಿಗೆ ಅರ್ಜಿ ಹಾಕಿದರು. ಆರೋಪಿಗೆ ಉಸಿರಾಡಲು ಆಗದೆಂದು ಅವರು ವಾದಿಸಿದರು. ಎಲುಬು ಮುರಿಯುವಷ್ಟು ಉಸಿರು ಇತ್ತಲ್ಲ ಎಂದು ಸರ್ಕಾರದ ವಕೀಲರು ಕೇಳಿದರು. ಆ ಒಂದು ಏಟಿನಲ್ಲೇ ಖರ್ಚಾಗಿ ಹೋಯಿತೆಂದು ದಿಗಂಬರರಾಯರು ಉತ್ತರಿಸಿದರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಮೊಹಿನುದ್ದೀನನನ್ನು ಎದುರಿಗೆ ನಿಲ್ಲಿಸಿ, ಅವನು ಉಸಿರೆಳೆಯುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಜಾಮೀನು ಮಂಜೂರು ಮಾಡಿದರು.

ಅಕ್ಬರಿ ಗಂಡನ ಚಾದರವನ್ನು ಮಡಚಿಕೊಳ್ಳತೊಡಗಿದಳು. ದಿಗಂಬರರಾಯರು ತಡೆದರು.

"ತಡಿ ಬಾಯಿ. ಜಾಮೀನೇನೋ ಸಿಕ್ಕ್ಯಾದ. ಜಾಮೀನುದಾರ ಇನ್ನಾ ಸಿಗಬೇಕು."

"ಅಂದ್ರ ಏನ್ರಿ ಸಾಹೇಬ್ರ?"

"ನಿನ್ನ ಗಂಡ ತಾರೀಖಿಗೆ ಬರಲಿಲ್ಲಂದ್ರ ನನ್ನ ಹೊಲಾ ಜಪ್ತಿ ಮಾಡ್ರಿ ಅಂತ ಒಬ್ಬರು ಬಂದು ನಿಲ್ಲಬೇಕು. ಹೊಲಾ ಇದ್ದವರೇ ಆಗಬೇಕು, ಇದೇ ಸೀಮಿಯವರೇ ಆಗಬೇಕು. ಹಂಗ ಯಾರರ ಇದ್ದಾರೇನು?"

"ಭಾಳ ಮಂದಿ ಇದ್ದಾರ್ರಿ" ಎಂದಳು ಅಕ್ಬರಿ. ಕಲ್ಯಾಣಿಯಲ್ಲಿ ಅವಳು ಕೈ ಹಿಡಿಯದ ಹೆಂಗಸೇ ಇರಲಿಲ್ಲ.

ಮೊದಲು ಹೋದದ್ದು ತನ್ನವರಲ್ಲಿಗೆ. ಹೊಲ ಇದ್ದ ಮುಸಲ್ಮಾನರಲ್ಲಿ ಕೆಲವರು ಊರಲ್ಲೇ ಉಳಿದಿರಲಿಲ್ಲ. ಉಳಿದವರಲ್ಲಿ ದೂರದ ಸಂಬಂಧಿ ಸಲಾವುದ್ದೀನ್ ಒಬ್ಬ ಬಾಗಿಲು ತೆರೆದ. ಚಹಾ ಕುಡಿಸಿದ. "ಇವತ್ತು ನಾ ನಿಂತ್ರ ನಾಳೆ ನನಗ ಯಾರು ನಿಲ್ತಾರ, ನೀನೇ ಹೇಳು" ಎಂದ. ಅಕ್ಬರಿ ಚಹಾದ ಬಟ್ಟಲು ಕೆಳಗಿಟ್ಟು ಎದ್ದಳು.

ಆಮೇಲೆ ಬಳೆಯ ಮನೆಗಳು. ಲಲಿತಾಬಾಯಿಯ ಮದುವೆಯ ಬಳೆ ಇಟ್ಟವಳು ಅಕ್ಬರಿ, ಅವಳ ಸೀಮಂತದ ಹಸಿರು ಬಳೆ ಇಟ್ಟವಳೂ ಅಕ್ಬರಿ. ಅವಳ ಗಂಡ ಬಸವಣಪ್ಪನಿಗೆ ಪೇಟೆಯಲ್ಲಿ ಅಂಗಡಿ, ಊರ ಹೊರಗೆ ಕರಿಮಣ್ಣಿನ ಹೊಲ. ಲಲಿತಾಬಾಯಿ ಕತೆಯನ್ನೆಲ್ಲ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆದರಬ್ಯಾಡ ಅಕ್ಬರಿ ಬೀ. ಉಣ್ಣಾಕ ಕುಂತಾಗ ಕೇಳ್ತೀನಿ. ನಾ ಕೇಳಿದ್ದು ಇಲ್ಲ ಅಂದಾವರಲ್ಲ."

ಅಕ್ಬರಿ ಪಡಸಾಲೆಯಲ್ಲಿ ಕುಳಿತಳು. ಒಳಗಿನ ಮಾತು ಪಡಸಾಲೆಗೆ ಚೆನ್ನಾಗಿಯೇ ಕೇಳಿಸಿತು.

"ಯಾರಿಗೆ ಜಾಮೀನು? ಮಹಾರುದ್ರಪ್ಪಗ ಹೊಡದಾವಗ? ನಾಳೆ ಮಹಾರುದ್ರಪ್ಪನ ಮುಂದ ನಾ ಹ್ಯಾಂಗ ಹೋಗಲಿ?"

"ನನ್ನ ಕೈಗೆ ಇಷ್ಟ ವರ್ಷ ಬಳಿ ಇಟ್ಟಾಳ್ರಿ ಆಕಿ."

"ಬಳಿ ಇಡಸಕೊಳ್ಳಾಕ ನೀ ಕೈ ಕೊಟ್ಟೀದಿ. ಅದಕ್ಕ ನಾ ಹೊಲಾ ಕೊಡಬೇಕೇನು? ಇನ್ನೊಂದು ರೊಟ್ಟಿ ಹಾಕು."

ಲಲಿತಾಬಾಯಿ ಹೊರಗೆ ಬಂದಾಗ ಅಕ್ಬರಿ ಎದ್ದು ನಿಂತಿದ್ದಳು. ಹೀಗೆಯೇ ಇನ್ನೂ ಕೆಲವು ಮನೆಗಳಾದವು. ಎಲ್ಲ ಮನೆಗಳಲ್ಲೂ ಹೆಂಗಸರು ಅತ್ತರು, ಗಂಡಸರು ಉಂಡರು. ಒಂದು ವಾರದ ಕೊನೆಗೆ ಅಕ್ಬರಿಗೆ ತಾನು ಎಲ್ಲಿ ತಪ್ಪಿದೆನೆಂಬುದು ತಿಳಿಯಿತು. ಅವಳಿಗೆ ಪರಿಚಯವಿದ್ದ ಕೈಗಳೆಲ್ಲ ಹೆಂಗಸರವು. ಆ ಕೈಗಳಲ್ಲಿ ಅವಳೇ ಇಟ್ಟ ಬಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಹೊಲ ಗಂಡಸರ ಹೆಸರಿನಲ್ಲಿತ್ತು.

"ಹೆಂಗಸಿನ ಹೆಸರಿಲೆ ಹೊಲಾ ಇರೂದಂದ್ರ ಊರಾಗ ಒಬ್ಬಾಕಿಗೇ" ಎಂದಳು ಲಲಿತಾಬಾಯಿ, ಇನ್ನೊಂದು ದಿನ. "ಕಿಲ್ಲಾ ಗಲ್ಲಿ ರುಕ್ಮಿಣಿಬಾಯಿಗೆ. ಗಂಡ ಸತ್ತ ಮ್ಯಾಗ ಆಕಿ ಹೆಸರಿಗೇ ಆಗ್ಯಾದ."

"ಆ ಮನಿಗಿ ನಾ ಹೋಗಂಗಿಲ್ರಿ."

"ಅದೂ ಖರೇ ಅದ" ಎಂದಳು ಲಲಿತಾಬಾಯಿ.

ಹೋಗದಿರಲು ಎರಡು ಕಾರಣಗಳಿದ್ದವು. ರುಕ್ಮಿಣಿಬಾಯಿ ಮಹಾರುದ್ರಪ್ಪನ ಅತ್ತಿಗೆ, ಸತ್ತುಹೋದ ಅಣ್ಣನ ಹೆಂಡತಿ. ಪೆಟ್ಟು ತಿಂದವನ ಮನೆತನದವಳನ್ನೇ ಹೋಗಿ ಕೇಳುವುದೆಂದರೆ ತಲೆ ಕೆಟ್ಟವರ ಕೆಲಸ. ಎರಡನೆಯದು ಅದಕ್ಕಿಂತ ಹಳೆಯದು. ಬಳೆಗಾರ್ತಿ ವಿಧವೆಯ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಗಂಡ ಸತ್ತಾಗ ಕೊನೆಯ ಬಳೆಗಳನ್ನು ಕೈತುಂಬ ಇಟ್ಟು ಬಂದರೆ ಮುಗಿಯಿತು. ಮರುದಿನ ಅವನ್ನು ಒಡೆಯುತ್ತಾರೆ, ಅಲ್ಲಿಗೆ ಆ ಮನೆಗೂ ಬಳೆಗಾರ್ತಿಗೂ ಸಂಬಂಧ ಹರಿಯಿತು. ಮುಂದೆ ಆ ಬಾಗಿಲ ಎದುರು ಹಾಯುವಾಗ ಕೂಗುವುದನ್ನು ನಿಲ್ಲಿಸಬೇಕು, ಬಳೆಯ ಗಂಟು ಸದ್ದು ಮಾಡದಂತೆ ಕಂಕುಳಲ್ಲಿ ಒತ್ತಿ ಹಿಡಿದು ದಾಟಬೇಕು. ಇದು ಮರ್ಯಾದೆ. ಅಕ್ಬರಿಯ ಅತ್ತೆ ಕಲಿಸಿದ್ದು, ಅತ್ತೆಗೆ ಅವಳ ಅತ್ತೆ. ರುಕ್ಮಿಣಿಬಾಯಿಯ ಬಾಗಿಲನ್ನು ಅಕ್ಬರಿ ಹತ್ತು ವರ್ಷಗಳಿಂದ ಹಾಗೆ ದಾಟುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನಿಂದ ಸುದ್ದಿ ಬಂತು: ಮೊಹಿನುದ್ದೀನ್ ಕುಳಿತಲ್ಲೇ ಒಂದು ಸಲ ಪ್ರಜ್ಞೆ ತಪ್ಪಿದ್ದ. ಮರುದಿನ ಮುಂಜಾನೆ ಅಕ್ಬರಿ ಬಳೆಯ ಗಂಟನ್ನು ಮನೆಯಲ್ಲೇ ಬಿಟ್ಟು ಕಿಲ್ಲಾ ಗಲ್ಲಿಗೆ ಹೋದಳು.

ರುಕ್ಮಿಣಿಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಬಾ. ಗಂಟು ಹೊರಗಿಟ್ಟು ಬಂದೀ ಏನು?"

"ಮನ್ಯಾಗ ಇಟ್ಟ ಬಂದೀನ್ರಿ ಬಾಯಿ."

"ಯಾಕ, ನಾ ಕಸಗೋತಿದ್ದೆನೇನು?"

ಅಕ್ಬರಿ ನಿಂತೇ ಇದ್ದಳು.

"ದಿನಾ ನನ್ನ ಬಾಗಲ ಮುಂದ ಕಳ್ಳರಂಗ ಕಂಕಳಾಗ ಒತಗೊಂಡು ಹೋಗತಿದ್ದಿ. ನಾ ಜ್ವಾಳಾ ಬೀಸಕೋತ ನೋಡತಿದ್ದೆ. ಬಳಿ ಇಡಸಕೊಳ್ಳಾಕ ಆಗಲಿಕ್ಕರ ಏನಾತು, ಒಂದು ಮಾತಾಡಸಾಕ ನಿನಗೇನು ಧಾಡಿ ಆಗಿತ್ತು?"

"ಪದ್ಧತಿ ಇಲ್ರಿ."

"ಪದ್ಧತಿ" ಎಂದು ರುಕ್ಮಿಣಿಬಾಯಿ ಹೊಟ್ಟು ಊದಿದಳು. "ಕೂಡು. ಕೇಳಾಕ ಬಂದಿದ್ದು ಕೇಳು."

ಅಕ್ಬರಿ ಕುಳಿತು ಹೇಳಿದಳು. ಸುತ್ತಿ ಬಳಸದೆ ಹೇಳಿದಳು. ವಾರವೆಲ್ಲ ಹೇಳಿ ಹೇಳಿ ಕತೆ ಸಣ್ಣದಾಗಿತ್ತು. ರುಕ್ಮಿಣಿಬಾಯಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ನಮ್ಮ ಮೈದುನಗ ಯಾವ ಹೆಗಲ ಮುರದದ?"

"ಬಲಗಡೀದ್ರಿ."

"ಹಂಗಂದ್ರ ಈ ವರ್ಷ ಅವನ ಕೈಲೆ ನೇಗಿಲ ಹಿಡಿಯೂದು ಆಗಂಗಿಲ್ಲ" ಎಂದು ರುಕ್ಮಿಣಿಬಾಯಿ ಮೊದಲ ಬಾರಿಗೆ ಮೊರ ಕೆಳಗಿಟ್ಟಳು.

ವಿಷಯ ಹೀಗಿತ್ತು. ಅವಳ ಹೊಲಕ್ಕೂ ಮಹಾರುದ್ರಪ್ಪನ ಹೊಲಕ್ಕೂ ನಡುವೆ ಒಂದು ಬದು. ಪ್ರತಿ ಬಿತ್ತನೆಗೂ ಮಹಾರುದ್ರಪ್ಪನ ನೇಗಿಲು ಆ ಬದು ದಾಟಿ ಸ್ವಲ್ಪ ಸ್ವಲ್ಪ ಈಚೆ ಬರುತ್ತಿತ್ತು. ಕೇಳಿದರೆ, ಮನೆತನದ ಹೊಲ, ಕೂಡಿದ್ದು, ನಿನ್ನದು ನನ್ನದು ಎಂಬುದಿಲ್ಲ ಎನ್ನುತ್ತಿದ್ದ. ಜಹಗೀರು ಹೋದ ಮೇಲೆ ಅವನ ಮಾತಿಗೆ ಬಲ ಬಂದಿತ್ತು: ನವಾಬರ ಕಚೇರಿಯೇ ಇಲ್ಲವೆಂದ ಮೇಲೆ ಆ ಕಚೇರಿ ನಿನ್ನ ಹೆಸರಿಗೆ ಮಾಡಿದ್ದು ಎಲ್ಲಿ ಉಳಿಯಿತು ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದ. ರುಕ್ಮಿಣಿಬಾಯಿ ಅದಕ್ಕೊಂದು ಉತ್ತರವನ್ನು ಹುಡುಕುತ್ತಿದ್ದಳು.

"ನಾ ಜಾಮೀನು ನಿಲ್ತೀನಿ ಅಂದ್ರ, ಆ ಹೊಲಾ ನಂದು ಹೌದೋ ಅಲ್ಲೋ ಅಂತ ಕೋರ್ಟಿನವರು ಕೇಳ್ತಾರಲ್ಲ?"

"ಕೇಳೇ ಕೇಳ್ತಾರಂತ್ರಿ. ವಕೀಲರು ಹೇಳ್ಯಾರ."

"ಹೌದು ಅಂತ ಅವರು ಒಪಗೊಂಡ್ರ ಆತು. ನನಗಷ್ಟೇ ಬೇಕಾಗಿತ್ತು. ನಿನ್ನ ಗಂಡ ಓಡಿ ಹೋಗಾಂವ ಏನು?"

"ನಾಕ ಹೆಜ್ಜಿ ನಡದ್ರ ಕೂಡತಾನ್ರಿ. ಓಡೂದು ಎಲ್ಲಿಂದ ಬರಬೇಕು."

"ಸುಮ್ಮನ ನಿನ್ನ ಮಾತು ನಂಬೂದಿಲ್ಲ. ಹೊರಗ ಬಂದ ಮ್ಯಾಗ ದಿನಾ ಮುಂಜಾನಿ ಇಲ್ಲಿ ಬಂದು ನನಗ ಮಾರಿ ತೋರಿಸಿ ಹೋಗಬೇಕು. ಒಂದಿನ ತಪ್ಪಿದ್ರ ಪೊಲೀಸರಿಗೆ ನಾನೇ ಹೇಳ್ತೀನಿ."

"ಹೂಂರಿ" ಎಂದಳು ಅಕ್ಬರಿ. ಕೃತಜ್ಞತೆಯ ಮಾತೊಂದು ಬಾಯಿಗೆ ಬಂದಿತ್ತು. ರುಕ್ಮಿಣಿಬಾಯಿಯ ಮುಖ ನೋಡಿ ಅದನ್ನು ನುಂಗಿಕೊಂಡಳು.

ಇಬ್ಬರೂ ಮೋಟಾರಿನಲ್ಲಿ ಹುಮನಾಬಾದಿಗೆ ಹೋದರು. ಕೋರ್ಟಿನ ಕಲಾಪ ಆಗಲೂ ಉರ್ದುವಿನಲ್ಲೇ ನಡೆಯುತ್ತಿತ್ತು. ರುಕ್ಮಿಣಿಬಾಯಿಗೆ ಅದು ಬಾರದು; ಅಕ್ಬರಿಗೆ ಬರುತ್ತಿದ್ದದ್ದು ಮನೆಯ ಉರ್ದು. ವಕೀಲರ ಮಾತು ಅರ್ಧ ತಿಳಿಯುತ್ತಿತ್ತು, ಆ ಅರ್ಧವನ್ನು ಅವಳು ರುಕ್ಮಿಣಿಬಾಯಿಯ ಕಿವಿಯಲ್ಲಿ ಹೇಳುತ್ತಿದ್ದಳು.

ರುಕ್ಮಿಣಿಬಾಯಿ ಮುಂದೆ ಬಂದು ನಿಂತಾಗ, ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಮಹಾರುದ್ರಪ್ಪ ಎದ್ದುಬಿಟ್ಟ. ಅವನು ಯಾರನ್ನೂ ಕೇಳಲಿಲ್ಲ.

"ಸಾಹೇಬ್ರ, ಇದು ನಮ್ಮ ಮನಿತನದ ಹೊಲಾ ಅದ. ಕೂಡಿದ್ದು. ಆಕಿಗೆ ಉಣ್ಣಾಕ ಉಡಾಕ ಅಷ್ಟೇ ಹಕ್ಕು. ಜಾಮೀನು ಕೊಡಾಕ ಆಕಿ ಯಾರು?"

ಮ್ಯಾಜಿಸ್ಟ್ರೇಟರು ದಿಗಂಬರರಾಯರ ಕಡೆ ನೋಡಿದರು. ದಿಗಂಬರರಾಯರು ಕಾಗದಗಳ ಕಡೆ ನೋಡಿದರು. ಆಗ ರುಕ್ಮಿಣಿಬಾಯಿ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಕನ್ನಡದಲ್ಲೇ ಕೇಳಿದಳು.

"ಆ ಹೊಲದ ಲೆವಿ ಯಾರು ಕೊಟ್ಟಾರ ಅಂತ ಕೇಳ್ರಿ ಅವಗ."

ಸರ್ಕಾರ ಆಗ ರೈತರಿಂದ ಕಡ್ಡಾಯವಾಗಿ ಧಾನ್ಯ ಎತ್ತುತ್ತಿತ್ತು. ಅದಕ್ಕೆ ಲೆವಿ ಎನ್ನುತ್ತಿದ್ದರು. ಹೊಲ ದೊಡ್ಡದಾದಷ್ಟೂ ಲೆವಿಯ ದರ ಏರುತ್ತಿತ್ತು. ಹೀಗಾಗಿ ಇಡೀ ಸೀಮೆಯಲ್ಲಿ ಲೆವಿಯ ಕಾಲಕ್ಕೆ ಎಲ್ಲರ ಹೊಲಗಳೂ ಚಿಕ್ಕವಾಗುತ್ತಿದ್ದವು, ಅಣ್ಣತಮ್ಮಂದಿರೆಲ್ಲ ಬೇರೆಯಾಗುತ್ತಿದ್ದರು. ಮಹಾರುದ್ರಪ್ಪನೂ ಅತ್ತಿಗೆಯ ಹೊಲ ಬೇರೆ, ತನ್ನದು ಬೇರೆ ಎಂದು ಅಧಿಕಾರಿಗಳ ಮುಂದೆ ಹೇಳಿದ್ದ. ಊರಿಗೆ ಗೊತ್ತಿದ್ದ ಮಾತು. ಎಲ್ಲರೂ ಮಾಡಿದ್ದನ್ನು ಮಾಡಿದ್ದನಾದ್ದರಿಂದ ಯಾರೂ ಎತ್ತಿ ಆಡಿರಲಿಲ್ಲ.

ಮ್ಯಾಜಿಸ್ಟ್ರೇಟರು ಪ್ರಶ್ನೆಯನ್ನು ಕೇಳಿದರು.

"ಆಕಿ ಕೊಟ್ಟಾಳ್ರಿ" ಎಂದ ಮಹಾರುದ್ರಪ್ಪ.

"ಕೂಡಿದ ಹೊಲಕ್ಕೆ ನೀವು ಕೂಡಿ ಯಾಕೆ ಕೊಡಲಿಲ್ಲ?"

"ಲೆವಿ ಕೊಡೂ ದಿನ ಬ್ಯಾರೆ, ಬಿತ್ತೂ ದಿನ ಕೂಡಿ" ಎಂದಳು ರುಕ್ಮಿಣಿಬಾಯಿ. "ಇವತ್ತ ಯಾವ ದಿನ ಅಂತ ಅವನೇ ಹೇಳಲಿ."

ಕೂಡಿದ್ದೆಂದರೆ ಮುಚ್ಚಿಟ್ಟ ಲೆವಿಯ ತಪ್ಪಿಗೆ ಸಿಕ್ಕಿಬೀಳಬೇಕು. ಬೇರೆ ಎಂದರೆ ಬದುವಿನ ಆಚೆಗೆ ನೇಗಿಲನ್ನು ಹಿಂದಕ್ಕೆ ಒಯ್ಯಬೇಕು. ಮಹಾರುದ್ರಪ್ಪ ತನ್ನ ವಯಸ್ಸಿಗೆ ತಕ್ಕ ಬುದ್ಧಿಯಿದ್ದ ಮನುಷ್ಯ. "ಬ್ಯಾರೇನೇ ಅದ್ರಿ" ಎಂದು ಹೇಳಿ ಕುಳಿತುಕೊಂಡ. ಗುಮಾಸ್ತ ಅದನ್ನು ಬರೆದುಕೊಂಡ. ಏನು ಬರೆದನೆಂದು ರುಕ್ಮಿಣಿಬಾಯಿ ಅಕ್ಬರಿಯಿಂದ ಎರಡು ಸಲ ಹೇಳಿಸಿಕೊಂಡಳು.

ಸಂಜೆಗೆ ಮೊಹಿನುದ್ದೀನ್ ಹೊರಗೆ ಬಂದ. ಮೋಟಾರಿನ ಮೆಟ್ಟಿಲನ್ನು ಹತ್ತಲು ಅವನನ್ನು ಇಬ್ಬರು ಹಿಡಿಯಬೇಕಾಯಿತು. ಕುಳಿತು ಉಸಿರು ಹತೋಟಿಗೆ ಬಂದ ಮೇಲೆ, ಜಾಮೀನು ನಿಂತವರು ಯಾರೆಂದು ಕೇಳಿದ. ಅಕ್ಬರಿ ತೋರಿಸಿದಳು. ಅವನು ಕೈಯೆತ್ತಿ ಸಲಾಮು ಮಾಡಿದ.

"ನಾಳೆ ಮುಂಜಾನಿ" ಎಂದಳು ರುಕ್ಮಿಣಿಬಾಯಿ.

ಆ ಚಳಿಗಾಲ, ಬೇಸಿಗೆಯೆಲ್ಲ ಮೊಹಿನುದ್ದೀನ್ ದಿನಾ ಮುಂಜಾನೆ ಕಿಲ್ಲಾ ಗಲ್ಲಿಗೆ ಹೋಗಿ ರುಕ್ಮಿಣಿಬಾಯಿಯ ಕಟ್ಟೆಯ ಮೇಲೆ ಕುಳಿತ. ಅವಳು ಒಳಗಿನಿಂದ "ಬಂದೀ?" ಎನ್ನುತ್ತಿದ್ದಳು. "ಬಂದೀನ್ರಿ" ಎನ್ನುತ್ತಿದ್ದ. ಸುಮ್ಮನೆ ಕುಳಿತವನನ್ನು ಕಂಡರೆ ಅವಳಿಗೆ ಆಗದಾದ್ದರಿಂದ, ಒಣಹಾಕಿದ ಮೆಣಸಿನಕಾಯಿಯ ಮೇಲೆ ದನ ಬಾರದಂತೆ ಕಾಯುವ ಕೆಲಸ ಕೊಟ್ಟಳು. ಅವನಿಂದ ನಡೆಯಲಾಗದ ದಿನ ಅಕ್ಬರಿ ಹೋಗಿ ಹೇಳುತ್ತಿದ್ದಳು. ಆಗ ರುಕ್ಮಿಣಿಬಾಯಿ ತಾನೇ ಬಂದು ಅವರ ಬಾಗಿಲಲ್ಲಿ ನಿಂತು ಅವನ ಮುಖ ನೋಡಿಕೊಂಡು ಹೋಗುತ್ತಿದ್ದಳು. ಮೂರು ಸಲ ಹುಮನಾಬಾದಿನಲ್ಲಿ ತಾರೀಖು ಬಿತ್ತು. ಒಂದು ಸಲ ಸಾಕ್ಷಿ ಬರಲಿಲ್ಲ, ಒಂದು ಸಲ ಸಾಹೇಬರು ಬರಲಿಲ್ಲ. ಮೊಹಿನುದ್ದೀನ್ ಮೂರು ಸಲವೂ ಹೋಗಿ ಬಂದ.

ಮಳೆಗಾಲದ ಥಂಡಿಯನ್ನು ಅವನು ತಡೆಯಲಿಲ್ಲ. ಒಂದು ಮುಂಜಾನೆ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಹೆಂಡತಿ ಕಾಸಿಕೊಟ್ಟ ನೀರು ಕುಡಿದು, ಬೆನ್ನಿಗೆ ದಿಂಬು ಆನಿಸಿಕೊಂಡು ಸತ್ತ. ಮಣ್ಣಿಗೆ ಊರವರು ಬಂದರು. ಮಹಾರುದ್ರಪ್ಪನೂ ಬಂದ; ಅವನ ಅಣ್ಣ ಸತ್ತಾಗ ಮೊಹಿನುದ್ದೀನ್ ಹೋಗಿದ್ದ, ಅದನ್ನು ಬಿಡುವಂತಿರಲಿಲ್ಲ. ಬಲಗೈ ಇನ್ನೂ ಮೇಲೇಳುತ್ತಿರಲಿಲ್ಲವಾದ್ದರಿಂದ ಎಡಗೈಯಿಂದ ಮಣ್ಣು ಹಾಕಿದ.

ಮುಂದಿನ ತಾರೀಖು ಬಂದಾಗ ಅಕ್ಬರಿ ಇದ್ದತ್‌ನಲ್ಲಿದ್ದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ. ಆರೋಪಿಯನ್ನು ಹಾಜರುಪಡಿಸುವ ಜವಾಬ್ದಾರಿ ರುಕ್ಮಿಣಿಬಾಯಿಯದು. ಅವಳು ಒಬ್ಬಳೇ ಮೋಟಾರು ಹತ್ತಿದಳು. ಅದೇ ಮೋಟಾರಿನಲ್ಲಿ ಮಹಾರುದ್ರಪ್ಪನೂ ಇದ್ದ. ಹುಮನಾಬಾದಿನವರೆಗೆ ಅತ್ತಿಗೆ ಒಂದು ಕಿಟಕಿಯ ಹೊರಗೆ ನೋಡಿದಳು, ಮೈದುನ ಇನ್ನೊಂದರ ಹೊರಗೆ.

ಸಂಜೆ ಅವಳು ನೇರವಾಗಿ ಅಕ್ಬರಿಯ ಮನೆಗೆ ಬಂದು ಹೊಸ್ತಿಲಲ್ಲಿ ಕುಳಿತು ಕಾಲು ಚಾಚಿದಳು.

"ನೀರು ಕೊಡು. ಭಾಳ ಧೂಳ."

ಅಕ್ಬರಿ ತಂಬಿಗೆ ತಂದು ಕೊಡಲು ಹಿಂಜರಿದಳು. ರುಕ್ಮಿಣಿಬಾಯಿ ಕೈಚಾಚಿ ತೆಗೆದುಕೊಂಡು, ತುಟಿಗೆ ತಾಗಿಸದೆ ಎತ್ತಿ ಕುಡಿದಳು.

"ಹಾಜರು ಮಾಡ್ರಿ ಅಂದ್ರು. ಮಣ್ಣು ಮಾಡೇವಿ ಅಂದೆ. ಸಾಕ್ಷಿ ಏನು ಅಂದ್ರು. ನಮ್ಮ ಮೈದುನ ಎದ್ದು, ಖರೇ ಅದ್ರಿ, ನಾನೂ ಮಣ್ಣಿಗೆ ಹೋಗಿದ್ದೆ ಅಂದ."

"ಅವರೇ ಅಂದ್ರಾ?"

"ಅವನೇ. ಸುಳ್ಳು ಹೇಳಾಕ ಅದರಾಗ ಅವಗೇನೂ ಸಿಗೂದಿರಲಿಲ್ಲ. ಕೇಸು ಬಂದ್ ಆತು. ಜಾಮೀನೂ ಬಿಟ್ಟಾತು."

ಅಕ್ಬರಿ ಖಾಲಿ ತಂಬಿಗೆ ತೆಗೆದಿಟ್ಟಳು.

"ತಪ್ಪು ಮಾಡ್ಯಾನ ಅಂದ್ರಾ, ಇಲ್ಲಾ ಮಾಡಿಲ್ಲ ಅಂದ್ರಾ?"

"ಅದೇನೂ ಹೇಳಲಿಲ್ಲ. ಸತ್ತಾಂವಗ ಅದನ್ನ ಹೇಳಂಗಿಲ್ಲಂತ. ನಾನೂ ಕೇಳಲಿಲ್ಲ."

"ಕೇಳದೇ ಬಂದದ್ದೇ ಬೇಷ್ ಆತು ಬಾಯಿ" ಎಂದಳು ಅಕ್ಬರಿ. "ಹೊಡದದ್ದಂತೂ ಖರೇನೇ ಇತ್ತಲ್ಲ."